ಕೋಳಿ ಗೂಡನ್ನು ಕಾಯಿಸುವುದಿಲ್ಲ

ಚಳಿಗಾಲ ಬಂತೆಂದರೆ ಹೈಬ್ರಿಡ್ ಕಾರು ಕೊಂಡವರ ನಡುವೆ ಒಂದೇ ಮಾತು. ಹೀಟರ್ ಹಚ್ಚಿದರೆ ಮೈಲೇಜು ಬೀಳುತ್ತದೆ, ಹಚ್ಚದಿದ್ದರೆ ಕೈಕಾಲು ತಣ್ಣಗಾಗುತ್ತವೆ, ಏನು ಮಾಡುವುದು? ಗದಗ-ಬೆಟಗೇರಿಯಂಥ ಊರಿಗೂ ಈಗ ಈ ಕಾರುಗಳು ಬಂದಿವೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತವರು ಬುಂದಿ ಬರುವ ತನಕ ಇದನ್ನೇ ಚರ್ಚಿಸುವುದನ್ನು ನಾನು ಕೇಳಿದ್ದೇನೆ. ಲೀಟರಿಗೆ ಎಷ್ಟು ಕೊಟ್ಟಿತು, ಹೀಟರ್ ಹಚ್ಚಿದ ದಿನ ಎಷ್ಟು ಇಳಿಯಿತು ಎಂದು ಒಬ್ಬೊಬ್ಬರ ಬಳಿಯೂ ಲೆಕ್ಕವಿದೆ.

ಕಾರಿಲ್ಲದ ಸಂಶೋಧನಾ ವಿದ್ಯಾರ್ಥಿ ಈ ಲೆಕ್ಕಕ್ಕೆ ಯಾಕೆ ತಲೆ ಹಾಕಬೇಕು, ಅದೂ ಸಾಹಿತ್ಯ ಪತ್ರಿಕೆಯಲ್ಲಿ, ಎಂದು ನೀವು ಕೇಳಬಹುದು. ಕಾರಣವಿದೆ. ದುಡಿಮೆಯ ಪದಗಳನ್ನು ಸಂಗ್ರಹಿಸುವುದಕ್ಕಾಗಿ ನಾನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಮೂರು ಚಳಿಗಾಲ ತಿರುಗಿದ್ದೇನೆ. ಬೆಳಗಿನ ಜಾವ ಬಸ್ಸು, ಟಂಟಂ, ಗೆಳೆಯರ ಬೈಕು, ಒಮ್ಮೊಮ್ಮೆ ನೆಂಟರ ಕಾರು, ಹೀಗೆ ಸಿಕ್ಕಿದ್ದನ್ನು ಹತ್ತಿದ್ದೇನೆ. ರಸ್ತೆ ಒಂದೇ, ಥಂಡಿ ಒಂದೇ. ಆದರೆ ಯಾವ ಸೀಟಿನಲ್ಲಿ ಕೂತಿದ್ದೇವೆ ಎಂಬುದರ ಮೇಲೆ ಚಳಿಯ ಅರ್ಥ ಬೇರೆಯಾಗುತ್ತದೆ. ಇದನ್ನು ಪದಗಳ ಮೇಲೆ ಕೆಲಸ ಮಾಡುವವರು ಹೇಳದೆ ಇನ್ಯಾರು ಹೇಳಬೇಕು?

ನನ್ನ ವಾದ ಎರಡು ಮಾತಿನದು. ಮೊದಲನೆಯದು: ಹೈಬ್ರಿಡ್ ಕಾರಿನಲ್ಲಿ ಕಡಿಮೆ ಇಂಧನಕ್ಕೆ ಬೆಚ್ಚಗಿರುವ ದಾರಿ ಒಂದೇ, ಗಾಳಿಯನ್ನು ಬಿಟ್ಟು ಮೈಯನ್ನು ಕಾಯಿಸುವುದು. ಎರಡನೆಯದು: ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಅದನ್ನು ಬಲ್ಲ ಕೈಗಳನ್ನು ಮೂಲೆಗೆ ತಳ್ಳಿ, ಅದೇ ವಿದ್ಯೆಯನ್ನು ಲಕ್ಷಗಟ್ಟಲೆ ಬೆಲೆಯ ಗಾಡಿಯ ಬಟನ್ನುಗಳಲ್ಲಿ ಹುಡುಕುತ್ತಿದ್ದೇವೆ. ಇದನ್ನು ದಕ್ಷತೆ ಎಂದು ಕರೆಯಲು ನಾನು ತಯಾರಿಲ್ಲ.

ಮೊದಲು ಕಾರಿನ ಸಂಗತಿ. ಸಾಮಾನ್ಯ ಪೆಟ್ರೋಲ್ ಕಾರಿನ ಹೀಟರ್ ಹೆಚ್ಚುಕಡಿಮೆ ಬಿಟ್ಟಿ. ಎಂಜಿನ್ನಿನಲ್ಲಿ ಸುಟ್ಟ ಪೆಟ್ರೋಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಬಿಸಿಯಾಗಿ ಹೊಗೆಯ ಕೊಳವೆಯಿಂದ, ರೇಡಿಯೇಟರಿನಿಂದ ಆಚೆ ಹೋಗುತ್ತದೆ. ಎಂಜಿನ್ನು ತಣಿಸುವ ನೀರು ಹೇಗೂ ಕಾದಿರುತ್ತದೆ. ಅದರಲ್ಲಿ ಒಂದಿಷ್ಟನ್ನು ಡ್ಯಾಶ್‌ಬೋರ್ಡಿನ ಹಿಂದೆ ಹರಿಸಿ, ಫ್ಯಾನು ಬೀಸಿದರೆ ಮುಗಿಯಿತು. ಅನ್ನ ಬಸಿದ ಗಂಜಿಯನ್ನು ಎಮ್ಮೆಗೆ ಇಟ್ಟ ಹಾಗೆ. ಚೆಲ್ಲುವುದನ್ನು ಬಳಸಿಕೊಂಡದ್ದು, ಅಷ್ಟೇ.

ಹೈಬ್ರಿಡ್ಡಿನಲ್ಲಿ ಕತೆ ಬೇರೆ. ಅದರ ಎಂಜಿನ್ನು ಜಾಣ. ಸುಟ್ಟ ಇಂಧನದಲ್ಲಿ ಶೇಕಡಾ 40ರ ಆಸುಪಾಸು ಕೆಲಸಕ್ಕೆ ತರಬಲ್ಲದು, ಹಾಗಾಗಿ ಚೆಲ್ಲುವ ಬಿಸಿಯೇ ಕಡಿಮೆ. ಜೊತೆಗೆ ಇಳಿಜಾರಿನಲ್ಲಿ, ಸಿಗ್ನಲ್ಲಿನಲ್ಲಿ, ನಿಧಾನಕ್ಕೆ ಹೋಗುವಾಗ ಅದು ತನ್ನಷ್ಟಕ್ಕೆ ಆರಿ, ಬ್ಯಾಟರಿ ಮತ್ತು ಮೋಟಾರಿಗೆ ಕೆಲಸ ಒಪ್ಪಿಸುತ್ತದೆ. ಈ ಕಾರಿನ ಉಳಿತಾಯವೆಲ್ಲ ಇರುವುದು ಹೀಗೆ ಎಂಜಿನ್ನು ಸುಮ್ಮನಿರುವ ಹೊತ್ತಿನಲ್ಲಿ. ಆದರೆ ಎಂಜಿನ್ನು ಸುಮ್ಮನಿದ್ದರೆ ನೀರು ತಣಿಯುತ್ತದೆ, ನೀರು ತಣಿದರೆ ಹೀಟರಿಗೆ ಬಿಸಿಯಿಲ್ಲ. ಆಗ ಗಾಡಿ ಏನು ಮಾಡುತ್ತದೆ? ಓಡುವುದಕ್ಕೆ ಬೇಕಿಲ್ಲದಿದ್ದರೂ, ಬರೀ ನೀರು ಕಾಯಿಸುವುದಕ್ಕಾಗಿ ಎಂಜಿನ್ನನ್ನು ಮತ್ತೆ ಹೊತ್ತಿಸುತ್ತದೆ. ಅಂದರೆ ಹೀಟರಿನ ಗುಂಡಿಯನ್ನು ಇಪ್ಪತ್ತೈದಕ್ಕೆ ತಿರುಗಿಸಿ ಇಟ್ಟವರು ಹೈಬ್ರಿಡ್ಡಿಗೆ ಕೊಟ್ಟ ಹೆಚ್ಚಿನ ದುಡ್ಡಿನ ಒಂದು ಭಾಗವನ್ನು ಗಾಳಿ ಕಾಯಿಸಲು ಕೊಟ್ಟ ಹಾಗಾಯಿತು.

ಹೋದ ಚಳಿಗಾಲ ಇದನ್ನು ಕಣ್ಣಾರೆ ನೋಡಿದೆ. ಮುಂಡರಗಿಯ ನನ್ನ ಸೋದರಮಾವ ಹೈಬ್ರಿಡ್ ಕಾರು ತಂದಿದ್ದರು. ಒಂದು ಬೆಳಗ್ಗೆ ಅಜ್ಜಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಎಲ್ಲರೂ ಗದಗಕ್ಕೆ ಹೊರಟೆವು. ಡಂಬಳದ ಹತ್ತಿರ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಗಾಡಿ ನಿಂತಿತು, ಎಂಜಿನ್ನು ಆರಿತು. ಅರ್ಧ ಹಿಂಡು ದಾಟುವಷ್ಟರಲ್ಲಿ ಮತ್ತೆ ಎಂಜಿನ್ನು ಹೊತ್ತಿಕೊಂಡಿತು.

‘ಏನಪಾ, ಗಾಡಿ ನಿಂತೈತಿ, ಇಂಜಿನ್ ಯಾಕ ಗುರ್ ಅನ್ನಾಕತ್ತೈತಿ?’ ಹಿಂದಿನ ಸೀಟಿನಿಂದ ಅಜ್ಜಿ ಕೇಳಿದಳು.

‘ಹೀಟರ್ ಹಚ್ಚೇನಿ ಬೇ, ಅದಕ್ಕ.’

‘ಅದನ್ನ ಬಂದ್ ಮಾಡು. ಮೂಗು ಒಣಗತೈತಿ, ಕಾಲು ಹಂಗ ತಣ್ಣಗ ಅದಾವ. ನನಗ ನನ್ನ ಕಂಬಳಿ ಸಾಕು.’

ಮಾಮಾ ಹೀಟರ್ ಆರಿಸಿದರು. ಒಂದೆರಡು ನಿಮಿಷಕ್ಕೆ ಎಂಜಿನ್ನೂ ಸುಮ್ಮನಾಯಿತು. ಅಜ್ಜಿ ಕಂಬಳಿಯ ಒಂದು ಚುಂಗನ್ನು ನನ್ನ ಮೊಣಕಾಲ ಮೇಲೆ ಎಳೆದಳು.

ಅಜ್ಜಿ ಹೇಳಿದ್ದರಲ್ಲಿ ಭೌತಶಾಸ್ತ್ರವಿದೆ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತಲೇ ಇರುತ್ತದೆ. ನಾಲ್ವರು ಕೂತರೆ 400 ವ್ಯಾಟ್. ಕಿಟಕಿ ಮುಚ್ಚಿದ ಕಾರಿನೊಳಗೆ ನಾಲ್ಕು ಪುಟ್ಟ ಒಲೆಗಳು ಉರಿಯುತ್ತಿವೆ ಎಂದುಕೊಳ್ಳಿ. ಗದಗ ಸೀಮೆಯಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ತಾಪಮಾನ ಹದಿನೈದು ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ಇಷ್ಟು ಚಳಿಗೆ ಈ ಒಲೆಗಳ ಬಿಸಿಯನ್ನು ಆಚೆ ಹೋಗದಂತೆ ಹಿಡಿದಿಟ್ಟರೆ ಸಾಕು, ಹೊಸದಾಗಿ ಬಿಸಿ ಹುಟ್ಟಿಸಬೇಕಿಲ್ಲ. ಕಾರಿಗಾದರೋ ಸುತ್ತಲೂ ಗಾಜು, ತೆಳು ತಗಡು. ಒಳಗಿನ ಗಾಳಿಯನ್ನು ಎಷ್ಟು ಕಾಯಿಸಿದರೂ ಅದು ಗಾಜಿಗೆ ತಾಗಿ ತಣ್ಣಗಾಗುತ್ತಲೇ ಇರುತ್ತದೆ. ತೂತು ಕೊಡಕ್ಕೆ ನೀರು ಸೇದಿದ ಹಾಗೆ.

ಹಿಮ ಬೀಳುವ ನಾಡಿನಲ್ಲಿ ಕಾರು ಓಡಿಸುವವರಿಗೆ ಇದು ಗೊತ್ತು. ಲಕ್ಷ್ಮೇಶ್ವರದ ನನ್ನ ಗೆಳೆಯನೊಬ್ಬ ಅಮೆರಿಕದ ಮಿನ್ನೆಸೋಟದಲ್ಲಿ ಹೈಬ್ರಿಡ್ ಓಡಿಸುತ್ತಾನೆ. ಅಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋದ ದಿನ ಎಂಜಿನ್ನು ಆರುವುದೇ ಇಲ್ಲ, ಹೈಬ್ರಿಡ್ಡು ಬರೀ ಪೆಟ್ರೋಲ್ ಗಾಡಿಯಾಗಿ ಬಿಡುತ್ತದೆ ಎನ್ನುತ್ತಾನೆ. ಅದಕ್ಕೆ ಅವರು ಮೊದಲು ಒತ್ತುವುದು ಸೀಟು ಮತ್ತು ಸ್ಟೀರಿಂಗ್ ಕಾಯಿಸುವ ಗುಂಡಿ. ಸೀಟಿನೊಳಗಿನ ತಂತಿಗೆ 50ರಿಂದ 100 ವ್ಯಾಟ್ ಸಾಕು. ಅಂಥ ಚಳಿಯಲ್ಲಿ ಒಳಗಿನ ಗಾಳಿಯನ್ನೆಲ್ಲ ಕಾಯಿಸಲು ಹೊರಟರೆ ಮೂರು ನಾಲ್ಕು ಸಾವಿರ ವ್ಯಾಟ್ ಬೇಕು. ಬೆನ್ನಿಗೆ, ತೊಡೆಗೆ, ಅಂಗೈಗೆ ತಾಗಿದ ಬಿಸಿ ನೇರ ಮೈಗೆ ಸೇರುತ್ತದೆ. ಗಾಳಿಯ ಬಿಸಿ ದಾರಿಯಲ್ಲೇ ಕಳೆದುಹೋಗುತ್ತದೆ.

ನಮ್ಮಲ್ಲಿ ಮಾರುವ ಹೆಚ್ಚಿನ ಕಾರುಗಳ ಸೀಟಿನಲ್ಲಿ ಕಾಯಿಸುವ ತಂತಿ ಇರುವುದಿಲ್ಲ, ಕೆಲವದರಲ್ಲಿ ಇರುವುದು ತಂಪು ಮಾಡುವ ಫ್ಯಾನು. ಅದು ನಮ್ಮ ಬೇಸಿಗೆಗೆ ಸರಿಯೇ. ಆದ್ದರಿಂದ ಚಳಿಗಾಲಕ್ಕೆ ಮಾಡಬೇಕಾದ್ದು ಇಷ್ಟು. ಹೊರಟ ಮೊದಲ ಐದು ಹತ್ತು ನಿಮಿಷ ಹೀಟರಿನ ತಂಟೆಗೆ ಹೋಗಬೇಡಿ. ಎಂಜಿನ್ನು ಆಗ ತಾನೇ ಬೆಚ್ಚಗಾಗಲು ಹೆಣಗುತ್ತಿರುತ್ತದೆ. ಬೇಕೇಬೇಕೆಂದರೆ ಇಪ್ಪತ್ತು-ಇಪ್ಪತ್ತೊಂದಕ್ಕೆ ಇಟ್ಟು, ಗಾಳಿಯನ್ನು ಕಾಲಿನ ಕಡೆಗೆ ಬಿಡಿ. ಗಾಜಿಗೆ ಮಂಜು ಹಿಡಿದರೆ ಅದು ನಿಮ್ಮ ಉಸಿರಿನ ನೀರು, ಹೊರಗಿನ ಇಬ್ಬನಿ ಅಲ್ಲ. ಒಳಗಿನ ಗಾಳಿಯನ್ನೇ ತಿರುತಿರುಗಿಸುವುದನ್ನು ನಿಲ್ಲಿಸಿ, ಹೊರಗಿನ ಗಾಳಿ ಬಿಟ್ಟು, ಸ್ವಲ್ಪ ಹೊತ್ತು ಎ.ಸಿ. ಹಾಕಿ, ಅದು ತೇವ ಹೀರುತ್ತದೆ. ಎರಡು ಕಿಲೋಮೀಟರಿನ ನಾಲ್ಕು ಕೆಲಸಕ್ಕೆ ನಾಲ್ಕು ಸಲ ತಣ್ಣನೆಯ ಗಾಡಿ ಎಬ್ಬಿಸಬೇಡಿ, ಒಂದೇ ಸುತ್ತಿನಲ್ಲಿ ಮುಗಿಸಿ. ಉಳಿದದ್ದಕ್ಕೆ ಕಿವಿಗೆ ಮಫ್ಲರು, ಕಾಲಿಗೆ ಕಾಲುಚೀಲ, ತೊಡೆಯ ಮೇಲೆ ಕಂಬಳಿ. ಸೀಟ್ ಬೆಲ್ಟು ಮೈಗೆ ಅಂಟಿರಲಿ, ಕಂಬಳಿ ಬೆಲ್ಟಿನ ಮೇಲೆ ಬರಲಿ. ಗಾಡಿ ಓಡಿಸುವವರು ಮಾತ್ರ ಕಂಬಳಿ ಹೊದೆಯಬಾರದು, ಪೆಡಲಿಗೆ ಸಿಕ್ಕೀತು. ಅವರಿಗೆ ಉಣ್ಣೆಯ ಬಂಡಿ ಸಾಕು.

ಇಲ್ಲಿಗೆ ಕಾರಿನವರ ಪ್ರಶ್ನೆಗೆ ಉತ್ತರ ಮುಗಿಯಿತು. ಈ ಉತ್ತರದ ತಿರುಳು ಕನ್ನಡದಲ್ಲಿ ಮೊದಲೇ ಇದೆ ಎನ್ನುವುದು ನನ್ನ ಮುಂದಿನ ಮಾತು. ಚಳಿ ಹತ್ತಿದವನು ‘ಮೈ ಕಾಸಿಕೊಳ್ಳುತ್ತಾನೆ’. ಕೋಣೆಯನ್ನೋ ಗಾಳಿಯನ್ನೋ ಕಾಸುವ ಮಾತು ನಮ್ಮ ಹಳ್ಳಿಯ ನುಡಿಯಲ್ಲಿ ನನಗೆ ಸಿಕ್ಕಿಲ್ಲ. ಶಿರಹಟ್ಟಿ ಕಡೆಯ ಹಳ್ಳಿಯೊಂದರಲ್ಲಿ ಹೆಣ್ಣುಮಗಳೊಬ್ಬಳು ‘ಕಾವು’ ಎಂಬ ಪದವನ್ನು ನನಗೆ ಹೀಗೆ ಬಿಡಿಸಿ ಹೇಳಿದಳು: ‘ಕೋಳಿ ಗೂಡು ಕಾಯಿಸೂದಿಲ್ಲರಿ, ತತ್ತಿಗೆ ಕಾವು ಕೊಡತೈತಿ.’ ಇಂಧನ ಉಳಿಸುವ ಶಾಸ್ತ್ರದ ಇಡೀ ಒಂದು ಅಧ್ಯಾಯ ಆ ಮಾತಿನಲ್ಲಿದೆ. ನಾವು ಕಾರಿನ ಬಟನ್ನು ಒತ್ತುವವರು ಗೂಡು ಕಾಯಿಸುತ್ತಿದ್ದೇವೆ.

‘ಗದಗಿನಲ್ಲಿ ಎಂಥ ಚಳಿ? ಇದೂ ಒಂದು ಸಮಸ್ಯೆಯೇ?’ ಎಂಬ ಆಕ್ಷೇಪ ಬರುವುದು ಗೊತ್ತಿದೆ. ಕಾಶ್ಮೀರದ ಮಾತು ಬೇಡ, ಬೀದರಿಗೆ ಹೋಲಿಸಿದರೂ ನಮ್ಮ ಚಳಿ ಸೌಮ್ಯವೇ. ಮನೆಯೊಳಗೆ ಇರುವವರಿಗೆ, ಕಿಟಕಿ ಏರಿಸಿದ ಕಾರಿನಲ್ಲಿ ಕೂತವರಿಗೆ ಈ ಮಾತು ನಿಜ. ಆದರೆ ಚಳಿಯನ್ನು ಥರ್ಮಾಮೀಟರು ಒಂದೇ ತೀರ್ಮಾನಿಸುವುದಿಲ್ಲ, ಗಾಳಿಯೂ ತೀರ್ಮಾನಿಸುತ್ತದೆ. ತಾಪಮಾನ ಹತ್ತು ಡಿಗ್ರಿ ಇದ್ದಾಗ ಗಂಟೆಗೆ ಐವತ್ತು ಕಿಲೋಮೀಟರ್ ವೇಗದ ಗಾಳಿಗೆ ಮೈಯೊಡ್ಡಿದರೆ ಚರ್ಮಕ್ಕೆ ಅದು ಐದಾರು ಡಿಗ್ರಿಯಂತೆ ತಾಗುತ್ತದೆ ಎನ್ನುತ್ತದೆ ಹವಾಮಾನ ಶಾಸ್ತ್ರದ ಲೆಕ್ಕ. ಮೈ ಒದ್ದೆಯಿದ್ದರೆ ಇನ್ನೂ ಹೆಚ್ಚು.

ಹಾಗೆ ಮೈಯೊಡ್ಡುವವರು ಯಾರು? ನವೆಂಬರಿನಿಂದ ಫೆಬ್ರವರಿಯ ತನಕ ನಮ್ಮ ಎರಿ ಹೊಲಗಳಲ್ಲಿ ಕೆಲಸದ ಸುಗ್ಗಿ. ಹತ್ತಿ ಬಿಡಿಸಬೇಕು, ಕಡಲೆ ಕೀಳಬೇಕು, ಮೆಣಸಿನಕಾಯಿ ಹರಿಯಬೇಕು. ಸೂರ್ಯ ಹುಟ್ಟುವ ಮೊದಲೇ ಹೆಣ್ಣಾಳುಗಳನ್ನು ತುಂಬಿಕೊಂಡು ತೆರೆದ ಗೂಡ್ಸ್ ಗಾಡಿಗಳು, ಟಂಟಂಗಳು ಹೊರಡುತ್ತವೆ. ಸೆರಗನ್ನು ಕಿವಿಗೆ ಸುತ್ತಿ, ಅದರ ಮೇಲೆ ಗಂಡನ ಹಳೆಯ ಅಂಗಿ ಹಾಕಿ, ಬುತ್ತಿಯನ್ನು ಎದೆಗೆ ಅವಚಿಕೊಂಡು ಅವರು ನಿಂತಿರುತ್ತಾರೆ. ಬುತ್ತಿಯ ಬಿಸಿ ರೊಟ್ಟಿಯೇ ಅವರ ಹೀಟರು ಎಂದು ನಾನು ಬರೆದರೆ ಅದು ಅಲಂಕಾರವಾಗುತ್ತದೆ. ಅವರು ಅದನ್ನು ಎದೆಗೆ ಹಿಡಿಯುವುದು ನಿಜವಾಗಿಯೂ ಬಿಸಿಗೇ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವರು, ಪೇಪರ್ ಹಾಕುವ ಹುಡುಗರು, ಮಾರುಕಟ್ಟೆಗೆ ಉಳ್ಳಾಗಡ್ಡಿ ಚೀಲದ ಮೇಲೆ ಕೂತು ಬರುವ ರೈತರು, ಎಲ್ಲರದೂ ಇದೇ ಪಾಡು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಆ ಗಾಳಿ ಕರೆಂಟಾಗಿ ದೂರದ ಊರುಗಳಿಗೆ ಹೋಗುತ್ತದೆ, ಚಳಿಯಾಗಿ ಈ ಗಾಡಿಗಳ ಮೇಲೆ ಉಳಿಯುತ್ತದೆ.

ಈಗ ಮೈಲೇಜಿನ ಲೆಕ್ಕಕ್ಕೆ ಬರೋಣ. ಗದಗ ಜಿಲ್ಲೆಯಾದ 1997ರಲ್ಲೇ ಜಪಾನಿನಲ್ಲಿ ಟೊಯೋಟಾ ಕಂಪನಿ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಕಾಲು ಶತಮಾನದ ನಂತರ, 2022ರಲ್ಲಿ, ನಮ್ಮ ಬಿಡದಿಯಲ್ಲೇ ತಯಾರಾಗುವ ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳು ಬಂದವು. ಇವುಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಕಂಪನಿ ಹೇಳುವ ಮೈಲೇಜು ಲೀಟರಿಗೆ 27.97 ಕಿಲೋಮೀಟರ್. ಒಳ್ಳೆಯ ಎಂಜಿನಿಯರಿಂಗ್, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಅಂಕಿ ಗಾಡಿಯನ್ನು ಲೆಕ್ಕ ಹಾಕುತ್ತದೆ, ಮನುಷ್ಯರನ್ನಲ್ಲ. ಮಾಮಾ ಒಬ್ಬರೇ ಗದಗಕ್ಕೆ ಹೋದರೆ ಒಂದು ಲೀಟರು ಒಬ್ಬ ಮನುಷ್ಯನನ್ನು 28 ಕಿಲೋಮೀಟರ್ ಒಯ್ದಿತು. ನಾಲ್ವರು ಹೋದರೆ ಅದೇ ಲೀಟರು 112 ಮನುಷ್ಯ-ಕಿಲೋಮೀಟರ್ ಆಯಿತು. ಲೀಟರಿಗೆ ಸುಮಾರು ಐದು ಕಿಲೋಮೀಟರ್ ಓಡುವ ಬಸ್ಸಿನಲ್ಲಿ ಐವತ್ತು ಜನ ಕೂತರೆ 250. ಹೀಟರ್ ಹಚ್ಚಿದ ದಿನ ಒಂದೆರಡು ಕಿಲೋಮೀಟರ್ ಇಳಿಯಿತೆಂದು ಚಡಪಡಿಸುವ ನಾವು ಪಕ್ಕದ ಮೂರು ಸೀಟು ಖಾಲಿ ಹೋಗುವುದನ್ನು ನಷ್ಟವೆಂದು ಬರೆದುಕೊಳ್ಳುವುದೇ ಇಲ್ಲ. ಖಾಲಿ ಸೀಟೆಂದರೆ ನೂರು ವ್ಯಾಟಿನ ಒಂದು ಒಲೆಯೂ ಕಡಿಮೆ, ಅದು ಬೇರೆ ಮಾತು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ತೆರೆದ ಗಾಡಿಯಲ್ಲಿ ನಿಂತು ಹೋಗುವ ಹೆಂಗಸಿಗೆ ಇದು ಬೆಚ್ಚಗಿನ ಸೀಟು ಕೂಡ ಆಗಬಹುದಿತ್ತು. ಆದರೆ ಹೊಲದ ಕೆಲಸ ಶುರುವಾಗುವ ಹೊತ್ತಿಗೆ ಆ ಹಳ್ಳಿಗೆ ಬಸ್ಸು ಬರಬೇಕು, ಬರುವ ತನಕ ನಿಲ್ಲಲು ಗಾಳಿಗೆ ಅಡ್ಡವಾಗಿ ಗೋಡೆಯಿರುವ ತಂಗುದಾಣ ಬೇಕು. ನಮ್ಮ ಹಳ್ಳಿಗಳ ಎಷ್ಟೋ ತಂಗುದಾಣಗಳಿಗೆ ಸೂರಿದೆ, ಮೂರು ಕಡೆ ಗೋಡೆಯಿಲ್ಲ. ಬಿಸಿಲನ್ನಷ್ಟೇ ನೆನೆದು ಕಟ್ಟಿದ ಕಟ್ಟಡಗಳವು. ಒಂದು ಗೋಡೆ ಎಬ್ಬಿಸುವುದಕ್ಕೆ ಯಾವ ಬ್ಯಾಟರಿಯೂ ಬೇಡ.

ಇನ್ನು ಕಂಬಳಿ. ಉಣ್ಣೆಯ ಎಳೆ ನೆಟ್ಟಗಿರುವುದಿಲ್ಲ, ಗುಂಗುರಾಗಿರುತ್ತದೆ. ಗುಂಗುರುಗಳ ನಡುವೆ ಗಾಳಿ ಸಿಕ್ಕಿಬಿದ್ದು ನಿಲ್ಲುತ್ತದೆ. ನಿಂತ ಗಾಳಿಯಷ್ಟು ಒಳ್ಳೆಯ ಗೋಡೆ ಶಾಖಕ್ಕೆ ಇನ್ನೊಂದಿಲ್ಲ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಯೂ ಒದ್ದೆ ಅನ್ನಿಸುವುದಿಲ್ಲ; ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ದಖನಿ ಕುರಿಯ ಒರಟು ಕರಿ ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿ ಕೊಟ್ಟು, ಕುಣಿಮಗ್ಗದಲ್ಲಿ ಬಿಗಿಯಾಗಿ ನೇಯ್ದ ಕಂಬಳಿ ಮಳೆಗೂ ಒಡ್ಡಿಕೊಳ್ಳುತ್ತದೆ. ಅದೇ ಹಾಸಿಗೆ, ಅದೇ ಹೊದಿಕೆ, ಮಡಚಿ ತಲೆಗೆ ಹಾಕಿದರೆ ಕೊಪ್ಪೆ, ಕಾಳು ಒಣಹಾಕಲು ಅದೇ ಹಾಸು. ಕುರಿಯ ಹಿಂದೆ ವರ್ಷದ ಬಹುಪಾಲು ಬಯಲಿನಲ್ಲಿ ಮಲಗುವವರು ಕಂಡುಕೊಂಡ ಯಂತ್ರವಿದು. ಇಂಧನ ಮೈಯದೇ, ಬೇರೆ ಬೇಕಿಲ್ಲ.

ಈಗ ಆ ಕುರಿಗೇ ಕುತ್ತು ಬಂದಿದೆ. ಅಂದು ಡಂಬಳದ ಹತ್ತಿರ ರಸ್ತೆ ದಾಟಿದ ಹಿಂಡಿನಲ್ಲಿ ಕರಿ ಉಣ್ಣೆಯ ಕುರಿಗಳು ಬೆರಳೆಣಿಕೆಯಷ್ಟಿದ್ದವು. ಉಳಿದವೆಲ್ಲ ಕೆಂಗುರಿಯಂಥ ಕೂದಲಿನ ಜಾತಿಯವು. ಅವನ್ನು ಸಾಕುವುದು ಮಾಂಸಕ್ಕೆ. ಕುರಿಗಾರರ ಲೆಕ್ಕ ಸರಿಯಾಗಿಯೇ ಇದೆ. ಮಾಂಸಕ್ಕೆ ಬೆಲೆಯಿದೆ, ಉಣ್ಣೆಗಿಲ್ಲ. ಕುರಿ ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಹೊಲದ ಬದುವಿಗೆ ಚೆಲ್ಲಿ ಬಂದೆವು ಎಂದವರನ್ನು ನಾನು ಮಾತಾಡಿಸಿದ್ದೇನೆ. ಅದೇ ಹಳ್ಳಿಯ ಸಂತೆಯಲ್ಲಿ ಹೊರರಾಜ್ಯದ ಕಾರ್ಖಾನೆಗಳ ಅಕ್ರಿಲಿಕ್ ಹೊದಿಕೆಗಳು ಬಣ್ಣಬಣ್ಣದ ಹುಲಿ, ಗುಲಾಬಿಗಳೊಡನೆ ಮಾರಾಟವಾಗುತ್ತವೆ. ಅಕ್ರಿಲಿಕ್ ಎಂದರೆ ಪೆಟ್ರೋಲಿಯಮ್ಮಿನಿಂದ ಮಾಡಿದ ಎಳೆ. ಅಂದರೆ ಬೆಚ್ಚಗಿರಲು ಕಾರಿನೊಳಗೆ ಪೆಟ್ರೋಲ್ ಸುಡುತ್ತೇವೆ, ಕಾರಿನ ಹೊರಗೆ ಪೆಟ್ರೋಲ್ ಹೊದೆಯುತ್ತೇವೆ, ಉಣ್ಣೆಯನ್ನು ಬದುವಿಗೆ ಎಸೆಯುತ್ತೇವೆ. ಇದಕ್ಕೆ ಪ್ರಗತಿ ಎಂಬ ಹೆಸರು ಬೇರೆ.

ಕಂಬಳಿಗೆ ಗೌರವವಿಲ್ಲವೇ ಎಂದರೆ, ಇದೆ. ವೇದಿಕೆಯ ಮೇಲೆ ರಾಜಕಾರಣಿಯ ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಕುರಿಮರಿ ಕೊಟ್ಟು ಫೋಟೋ ತೆಗೆಯುತ್ತೇವೆ. ನಾನು ಕಂಡ ಕಂಬಳಿಗಳಲ್ಲಿ ಅತ್ಯಂತ ಕಡಿಮೆ ಕೆಲಸ ಮಾಡುವ ಕಂಬಳಿ ಅದು. ಹೊದಿಸಿದವರಾಗಲಿ ಹೊದ್ದವರಾಗಲಿ ಮರುದಿನ ಉಣ್ಣೆಯ ಬೆಲೆ ಕೇಳುವುದಿಲ್ಲ.

ನನ್ನ ಓರಗೆಯ ಸಂಶೋಧಕರು ಎತ್ತುವ ಒಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಂಬಳಿಗೆ ಜಾತಿಯಿದೆ, ಹೀಟರಿಗಿಲ್ಲ. ಕಂಬಳಿ ಹೊದ್ದವರನ್ನು ಕುರಿಯ ವಾಸನೆ ಎಂದು ದೂರ ಕೂರಿಸಿದ ಊರಿನಲ್ಲಿ ಅವರ ಮಕ್ಕಳು ಜಾಕೆಟ್ ಹಾಕಿಕೊಂಡದ್ದು ಬಿಡುಗಡೆ. ನೀನು ಅವರನ್ನು ಮತ್ತೆ ಕುಣಿಮಗ್ಗಕ್ಕೆ ಇಳಿಸುತ್ತೀಯಾ? ಇದಕ್ಕೆ ನನ್ನ ಉತ್ತರ ನೇರವಾಗಿದೆ. ಯಾರ ಮಕ್ಕಳೂ ಕುಲದ ಕಾರಣಕ್ಕೆ ಯಾವ ಕಸುಬಿಗೂ ಇಳಿಯಬೇಕಿಲ್ಲ. ನೇಯುವುದು ಸೊಂಟ ಮುರಿಯುವ ಕೆಲಸವಾಗಿ ಉಳಿಯಬೇಕಿಲ್ಲ, ಯಂತ್ರ ಬರಲಿ. ಕಂಬಳಿ ಚುಚ್ಚುತ್ತದೆ ಎಂದರೆ ಒಳಗೆ ಹತ್ತಿಯ ಅಸ್ತರು ಹಾಕಲಿ. ಬೆಟಗೇರಿಯ ಮಗ್ಗಗಳಿಗೆ ಹತ್ತಿ ನೇಯ್ಗೆ ಹೇಳಿಕೊಡಬೇಕಿಲ್ಲ. ಬೇಕಿರುವುದು ಉಣ್ಣೆಗೆ ಬೆಲೆ. ಬೆಲೆ ಬಂದರೆ ಯಾರು ಬೇಕಾದರೂ ಆ ಕಸುಬಿಗೆ ಬರುತ್ತಾರೆ, ಬೇಡವಾದವರು ಬಿಡುತ್ತಾರೆ. ಬೆಲೆ ಕೊಡದೆ ಸತ್ತ ಕಸುಬನ್ನು ಬಿಡುಗಡೆ ಎಂದು ಕರೆಯುವುದು ಮಾತ್ರ ಕೊಳ್ಳದವನ ಅನುಕೂಲದ ವಾದ.

ಇದು ಆಗದ ಮಾತೆಂದು ನನಗೆ ಅನ್ನಿಸುವುದಿಲ್ಲ. ಸಾಲ ಸಿಗದ ರೈತರು ಸೇರಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ಅಷ್ಟು ಹಿಂದೆ ಒಂದು ಹಳ್ಳಿ ಹಣಕ್ಕೆ ಮಾಡಿದ್ದನ್ನು ಇಂದು ನಾಲ್ಕು ತಾಲ್ಲೂಕು ಸೇರಿ ಉಣ್ಣೆಗೆ ಮಾಡಲಾರವೇ? ಸರ್ಕಾರ ಹಾಸ್ಟೆಲ್ಲುಗಳಿಗೆ, ಆಸ್ಪತ್ರೆಗಳಿಗೆ ಹೊದಿಕೆ ಕೊಳ್ಳುತ್ತದೆ. ಅದರಲ್ಲಿ ಒಂದು ಪಾಲು ಇಲ್ಲಿಯ ಉಣ್ಣೆಯದೇ ಆಗಿರಬೇಕು ಎಂದು ನಿಯಮ ಮಾಡಿದರೆ ಸಾಕು. ಕೊಳ್ಳುವವರು ಖಚಿತವಾದರೆ ಕುರಿ ಕತ್ತರಿಸುವವರು, ನೂಲುವವರು, ನೇಯುವವರು ತಾವಾಗಿ ಬರುತ್ತಾರೆ. ಹಾಸ್ಟೆಲ್ಲಿನಲ್ಲಿ ಮುದುಡಿ ಮಲಗಿ ಓದಿ ಬಂದ ನಮ್ಮಂಥವರಿಗೆ ಆ ಹೊದಿಕೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ನಾವು, ಸಾಹಿತ್ಯದವರು. ಗದಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೆರೆಯಲ್ಲಿ ಮಿಂದು, ಉಟ್ಟ ಬಟ್ಟೆ ಆರುವ ತನಕ ಮಾತ್ರ ಕಾವ್ಯ ಬರೆಯುತ್ತಿದ್ದ ಎಂಬ ಐತಿಹ್ಯವಿದೆ. ನಾವು ಅದನ್ನು ಭಕ್ತಿಯ, ಪ್ರತಿಭೆಯ ಕತೆಯಾಗಿ ಹೇಳುತ್ತ ಬಂದಿದ್ದೇವೆ. ಒದ್ದೆ ಬಟ್ಟೆ ಆರುವಾಗ ಮೈಯ ಬಿಸಿಯನ್ನು ಕದ್ದೇ ಆರುತ್ತದೆ, ಮಾಗಿಯ ಬೆಳಗಿನಲ್ಲಿ ಆ ಮನುಷ್ಯ ನಡುಗಿರಬಹುದು ಎಂದು ಯಾರೂ ಹೇಳುವುದಿಲ್ಲ. ನಮ್ಮ ಬರಹಗಳಲ್ಲಿ ಮಾಗಿಯೆಂದರೆ ಮಂಜು, ಇಬ್ಬನಿ, ಹಸಿರ ತುದಿಯ ಹನಿ. ಕಿಟಕಿಯ ಒಳಗಿನಿಂದ ನೋಡಿದ ಮಾಗಿ ಅದು. ಹತ್ತಿ ಬಿಡಿಸುವ ಹೆಂಗಸಿಗೆ ಅದೇ ಇಬ್ಬನಿ ಎಂದರೆ ಮೊಣಕಾಲ ತನಕ ಒದ್ದೆಯಾದ ಸೀರೆ, ಬಿಸಿಲೇರುವ ತನಕ ಬಗ್ಗದ ಬೆರಳು. ನನ್ನ ಸಂಗ್ರಹದಲ್ಲಿ ಮರಗಟ್ಟುವುದಕ್ಕೆ, ಸೆಡೆಯುವುದಕ್ಕೆ, ಜೋಮು ಹಿಡಿಯುವುದಕ್ಕೆ ಬೇರೆಬೇರೆ ಮಾತುಗಳಿವೆ. ಅವು ನಮ್ಮ ಕತೆ, ಕವಿತೆಗಳಲ್ಲಿ ಅಪರೂಪ. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನೆಲವೆಂದು ಹೆಸರಿಸಿದ ಊರುಗಳಲ್ಲಿ ಪುಲಿಗೆರೆ ಒಂದು, ಇಂದಿನ ಲಕ್ಷ್ಮೇಶ್ವರ. ಆ ತಿರುಳನ್ನು ಪರೀಕ್ಷೆಗೆ ಓದುತ್ತೇವೆ. ಆ ನೆಲದಲ್ಲಿ ಬೆಳಗಿನ ಐದಕ್ಕೆ ಆಡುವ ಕನ್ನಡವನ್ನು ಕೇಳಿಸಿಕೊಳ್ಳುವುದಿಲ್ಲ.

ಕಾರು ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಪೆಟ್ರೋಲ್ ಉಳಿಸಲು ನೋಡುವವರು ಒಳ್ಳೆಯದನ್ನೇ ಮಾಡುತ್ತಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ಉಳಿತಾಯವನ್ನು ಗಾಜಿನೊಳಗೆ ನಿಲ್ಲಿಸಬೇಡಿ. ಹೀಟರ್ ಆರಿಸಿ ಕಂಬಳಿ ಹೊದೆಯಿರಿ, ಆ ಕಂಬಳಿಯನ್ನು ನೇಯ್ದವರ ಕೈಯಿಂದಲೇ, ಚೌಕಾಶಿ ಮಾಡದೆ ಕೊಳ್ಳಿ. ಗದಗಕ್ಕೆ ಹೊರಟಾಗ ಖಾಲಿ ಸೀಟಿಗೆ ಓಣಿಯವರನ್ನು ಕೂರಿಸಿಕೊಳ್ಳಿ. ಪಂಚಾಯಿತಿಯ ಸಭೆ ಇದ್ದಾಗ ತಂಗುದಾಣಕ್ಕೆ ಗೋಡೆ ಯಾವಾಗ ಎಂದು ಕೇಳಿ, ಬೆಳಗಿನ ಐದೂವರೆಗೆ ಬಸ್ಸು ಯಾವಾಗ ಎಂದು ಕೇಳಿ. ಓದುಗರಲ್ಲಿ ನನ್ನ ಹಾಗೆ ಕಾರಿಲ್ಲದವರೇ ಹೆಚ್ಚು ಎಂದು ಗೊತ್ತು. ಕೇಳುವುದಕ್ಕೆ ಕಾರು ಬೇಕಿಲ್ಲ. ಈ ಸಲದ ಮಾಗಿಗೆ ಮೊದಲು ಕೇಳಲು ಶುರುಮಾಡಿದರೆ ಬರುವ ಮಾಗಿಗಾದರೂ ಗೋಡೆ ಎದ್ದೀತು.